ಕೂಡುಬಾಳ್ವೆ ಪಕ್ಷದ ಉಪಾಧ್ಯಕ್ಷೆ

ಶೇವಂತಾ ಹುಟ್ಟಿದ್ದು ಗಲಗಲಿಯ ಹೊಳೆದಂಡೆಯಲ್ಲಿ, ಎತ್ತಿನ ಗಾಡಿಯ ನೆರಳಿನಲ್ಲಿ. ರೈತರ ನೇಗಿಲಿನ ಕುಡ ತಟ್ಟಿಕೊಡಲು ಅವಳ ಅಪ್ಪ ಆ ವಾರ ಅಲ್ಲಿ ಬೀಡು ಬಿಟ್ಟಿದ್ದ. ಮುಂದಿನ ವಾರ ಬೀಳಗಿ, ಅದರ ಮುಂದಿನ ವಾರ ಮತ್ತೆಲ್ಲೋ. ಅವರು ಘಿಸಾಡಿಗಳು. ಬಯಲಿನಲ್ಲೇ ಕುಲುಮೆ ಹೂಡುವುದರಿಂದ ನಮ್ಮ ಕಡೆ ಅವರನ್ನು ಬೈಲಕಮ್ಮಾರರು ಎನ್ನುತ್ತಾರೆ. ಮನೆಯೊಳಗೆ ಅವರು ಆಡುವ ಮಾತು ಕನ್ನಡವಲ್ಲ, ಮರಾಠಿಯೂ ಅಲ್ಲ, ಅವರದ್ದೇ ಒಂದು. ಅವರವರ ನಡುವಿನ ಮಾತನ್ನೂ ನಾನಿಲ್ಲಿ ನಮ್ಮ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಶೇವಂತಾ ನನಗೆ ಹೇಳಿದ ಹಾಗೆ.

ಗಂಗಾರಾಮನನ್ನು ಮದುವೆಯಾಗಿ ಅವಳು ಬಂದಾಗ ಅವನ ಮಂದಿ ಅಲೆದಾಟ ಬಿಟ್ಟಿದ್ದರು. ಬನಹಟ್ಟಿಯಿಂದ ಚಿಮ್ಮಡಕ್ಕೆ ಹೋಗುವ ರಸ್ತೆಯ ಬದಿಯ ಖಾಲಿ ಬಯಲಿನಲ್ಲಿ ಹದಿನೆಂಟು ಗುಡಿಸಲು ಹಾಕಿಕೊಂಡು ನಿಂತಿದ್ದರು. ಗಾಡಿ, ಎತ್ತು ಎಲ್ಲ ಮಾರಿಯಾಗಿತ್ತು. ಗಂಗಾರಾಮನ ಅಣ್ಣ ಜ್ಞಾನೇಶ್ವರನೇ ಅಲ್ಲಿಯ ಹಿರಿಯ. ಕೆಂಪಗೆ ಕಾದ ಕಬ್ಬಿಣವನ್ನು ಗಂಗಾರಾಮ ಇಕ್ಕಳದಲ್ಲಿ ಹಿಡಿಯುತ್ತಿದ್ದ, ಶೇವಂತಾ ಎರಡೂ ಕೈಯಿಂದ ಸಮ್ಮಟಿಗೆ ಎತ್ತಿ ಹೊಡೆಯುತ್ತಿದ್ದಳು. ಆರು ವರ್ಷದ ಹಿಂದೆ ಕಬ್ಬಿಣದ ಚೂರೊಂದು ಸಿಡಿದು ಅವನ ಬಲಗಣ್ಣು ಹೋಯಿತು. ಆಮೇಲೆ ಇಕ್ಕಳ ಒಮ್ಮೊಮ್ಮೆ ಅತ್ತಿತ್ತ ಸರಿಯುತ್ತಿತ್ತು. ಅವಳು ಎತ್ತಿದ ಸಮ್ಮಟಿಗೆಯನ್ನು ತಲೆಯ ಮೇಲೇ ತಡೆದು, ಅವನು ಸರಿಮಾಡಿಕೊಳ್ಳುವವರೆಗೆ ಕಾದು, ಮತ್ತೆ ಹೊಡೆಯುತ್ತಿದ್ದಳು. ಕಬ್ಬಿನ ಕಾಲಕ್ಕೆ ಕಟಾವಿನ ಮಂದಿ ಸಾಲುಗಟ್ಟಿ ಬಂದು ಕಬ್ಬು ಕಡಿಯುವ ಕೊಯ್ತಾ ಮಾಡಿಸಿಕೊಂಡು ಹೋಗುತ್ತಿದ್ದರು. ಮಗಳು ವೈಶಾಲಿ ಒಂಬತ್ತನೆಯ ತರಗತಿಯಲ್ಲಿದ್ದಳು. ಆ ಹದಿನೆಂಟು ಗುಡಿಸಲುಗಳಲ್ಲಿ ಓದಲು ಬರುತ್ತಿದ್ದುದು ಅವಳೊಬ್ಬಳಿಗೇ.

ಶಿವಯೋಗೆಪ್ಪ ಸಾವಕಾರ ಅಲ್ಲಿಗೆ ಬಂದದ್ದು ನಗರಸಭೆಯ ಚುನಾವಣೆಗೆ ಐದು ತಿಂಗಳು ಇದ್ದಾಗ. ಅರವತ್ತು ದಾಟಿದವನು, ಮಗ್ಗದ ಶೆಡ್ಡು, ಹೊಲ, ಒಂದು ಜೆಸಿಬಿ ಎಲ್ಲ ಇದ್ದವನು. ದೊಡ್ಡ ಪಕ್ಷಗಳು ಎರಡು ಸಲ ಟಿಕೆಟ್ ಕೊಡದೆ ಕೈಬಿಟ್ಟಿದ್ದರಿಂದ ತನ್ನದೇ ಪಕ್ಷ ಕಟ್ಟಿದ್ದ. ಅದರ ಹೆಸರು ಕೂಡುಬಾಳ್ವೆ ಪಕ್ಷ. ಕುಲುಮೆಯ ಎದುರು ಗೋಣಿಚೀಲದ ಮೇಲೆ ಯಾವ ಬಿಂಕವೂ ಇಲ್ಲದೆ ಕುಳಿತ.

"ಶೇವಂತವ್ವಾ, ಇಪ್ಪತ್ತ ವರ್ಷದ ಮ್ಯಾಲಾತು ನೀವ ಇಲ್ಲಿ ಕುಂತು. ಈ ಊರ ಮಂದಿ ನಿಮ್ಮನ್ನ ನಮ್ಮವರು ಅಂತ ಒಮ್ಮೆರ ಅಂದಾರೇನು?"

"ಕೊಯ್ತಾ ಬೇಕಾದಾಗ ಅಂತಾರ್ರಿ," ಅಂದಳು ಶೇವಂತಾ.

ಅವನು ಮನಸಾರೆ ನಕ್ಕ. "ಇನ್ನ ದಿನಾ ಅಂತಾರ. ದೊಡ್ಡ ಮಂದಿ, ಸಣ್ಣ ಮಂದಿ ಕೂಡಿ ಬಾಳಬೇಕು. ಎರಡೂ ಕಡಿಂದ ಸಹಕಾರ ಇರಬೇಕು. ನಮ್ಮ ಪಕ್ಷದಾಗ ಅಧ್ಯಕ್ಷ ನಮ್ಮಾಂವ ಇದ್ರ, ಉಪಾಧ್ಯಕ್ಷರು ನಿಮ್ಮವರ ಆಗಬೇಕು. ನೀ ಆಗು."

ಅವನು ಹೋದ ಮೇಲೆ ಜ್ಞಾನೇಶ್ವರ ಬೇಡವೆಂದ. "ಅವರ ಜೋಡಿ ಯಾಪಾರ ಇರಲಿ, ಪಕ್ಷ ಬ್ಯಾಡ. ನಾಳಿ ಅವರು ಸಿಟ್ಟಿಗೆದ್ರ ಎದ್ದು ಹೋಗಾಕ ನಮ್ಮ ಹಂತ್ಯಾಕ ಒಂದು ಗಾಡಿನೂ ಉಳದಿಲ್ಲ."

"ಯಾಕ ಹೋಗೂದು ಬಾವಾ? ಇಲ್ಲೇ ಜಾಗಾದ ಹಕ್ಕುಪತ್ರ ಕೊಡಸ್ತೀನಿ ಅಂದಾರ," ಅಂದಳು ಶೇವಂತಾ. ಸಾಲೆಯಲ್ಲಿ ವೈಶಾಲಿಯ ವಿಳಾಸ ಕೇಳಿದಾಗಲೆಲ್ಲ 'ಚಿಮ್ಮಡ ರಸ್ತೆಯ ಬಾಜೂಕ' ಎಂದು ಬರೆಸಿ ಅವಳಿಗೆ ಸಾಕಾಗಿತ್ತು. ಒಪ್ಪಿಕೊಂಡಳು.

ಪಕ್ಷದ ಕಚೇರಿ ಎಂದರೆ ಶಿವಯೋಗೆಪ್ಪನ ಮನೆಯ ಮುಂದಿನ ಕೋಣೆ. ಅವನ ಹೆಂಡತಿ ಶಿವಗಂಗವ್ವ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟು, ಉಪಾಧ್ಯಕ್ಷೆಗೆ ಮಾತ್ರ ಕಾಗದದ ಕಪ್ಪಿನಲ್ಲಿ ಕೊಡುತ್ತಿದ್ದಳು. "ಇದು ಸ್ವಚ್ಛ ಇರತೈತಿ ನೋಡವಾ," ಎಂದು ನಗುತ್ತಿದ್ದಳು. ಶೇವಂತಾಗೆ ಅದು ಮೊದಲ ದಿನವೇ ತಿಳಿಯಿತು. ತಿಳಿಯದವಳ ಹಾಗೆ ಕುಡಿದಳು. ಪಕ್ಷದ ಕಾಗದಗಳಿಗೆ ಹೆಬ್ಬೆಟ್ಟು ಒತ್ತುವುದು ಚೆನ್ನಾಗಿರುವುದಿಲ್ಲವೆಂದು ವೈಶಾಲಿ ಅವಳಿಗೆ ಸಹಿ ಕಲಿಸಿದಳು. ಮೂರೇ ಅಕ್ಷರ. ಸಮ್ಮಟಿಗೆ ಹಿಡಿದ ಕೈಗೆ ಸೀಮೆಸುಣ್ಣ ನಿಲ್ಲದೆ, ಹನ್ನೊಂದು ದಿನ ಹಿಡಿಯಿತು.

ಆ ಐದು ತಿಂಗಳಲ್ಲಿ ಆಗಬೇಕಾದ ಕೆಲಸಗಳು ಆಗಿದ್ದೂ ನಿಜ. ಎಲ್ಲರಿಗೂ ಮತದಾರರ ಚೀಟಿ ಬಂತು. ಒಂದು ನಳ ಬಂತು. ಶೇವಂತಾ ಹದಿನೆಂಟು ಗುಡಿಸಲುಗಳ ಮಂದಿಯನ್ನು ತಾನೇ ಕರೆದುಕೊಂಡು ಹೋಗಿ ಮತ ಹಾಕಿಸಿದಳು. ಎಪ್ಪತ್ತೊಂದು ಮತ. ಶಿವಯೋಗೆಪ್ಪ ನಲವತ್ಮೂರು ಮತಗಳಿಂದ ಗೆದ್ದ. ಗುಲಾಲು ಮೆತ್ತಿದ ಮುಖದಲ್ಲಿ ಅವನು ಗುಡಿಸಲುಗಳತ್ತ ಬಂದು ಶೇವಂತಾಳ ಕಾಲಿಗೆ ಬಾಗಿದಾಗ ಜ್ಞಾನೇಶ್ವರನೂ ನಕ್ಕಿದ್ದನಂತೆ.

ಅದಾಗಿ ಎಂಟು ತಿಂಗಳಿಗೆ ಕಲ್ಮೇಶನ ಶೆಡ್ಡಿನಲ್ಲಿ ಕಳವಾಯಿತು. ಕಲ್ಮೇಶ ಎಂದರೆ ಶಿವಯೋಗೆಪ್ಪನ ತಂಗಿಯ ಮಗ, ಪಕ್ಷದ ಕಾರ್ಯದರ್ಶಿ. ನಾಲ್ಕು ಮಗ್ಗದ ಮೋಟರುಗಳನ್ನು ಬಿಚ್ಚಿ ಒಳಗಿನ ತಾಮ್ರದ ತಂತಿ ಒಯ್ದಿದ್ದರು. ಮಧ್ಯಾಹ್ನದೊಳಗೆ ನಲವತ್ತು ಜನ ಬಯಲಿಗೆ ಬಂದರು. ಗುಡಿಸಲುಗಳಲ್ಲಿ ತಾಮ್ರ ಸಿಗಲಿಲ್ಲ. ಸಿಗದಿದ್ದುದಕ್ಕೇ ಸಿಟ್ಟು ಹೆಚ್ಚಾಗಿ, ಜ್ಞಾನೇಶ್ವರನನ್ನೂ ಇನ್ನಿಬ್ಬರನ್ನೂ ಎಳೆದೊಯ್ದು ಕಲ್ಮೇಶನ ನೂಲಿನ ಗೋದಾಮಿನಲ್ಲಿ ಹಾಕಿ ಕೀಲಿ ಜಡಿದರು.

ಶೇವಂತಾ ಶಿವಯೋಗೆಪ್ಪನ ಮನೆಗೆ ಓಡಿದಳು. ಸಾವಕಾರರು ಊರಲ್ಲಿಲ್ಲ ಎಂದರು. ಎರಡನೆಯ ದಿನ ಪೂಜೆಯಲ್ಲಿದ್ದಾರೆ ಎಂದರು. ಅವಳು ಗೋದಾಮಿನ ಗೋಡೆಗೆ ಕಿವಿಯಿಟ್ಟು ನಿಂತಳು. ಮಗ್ಗದ ಸದ್ದಿನಲ್ಲಿ ಏನೂ ಕೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವರೇ ಕರೆಕಳಿಸಿದರು.

ಕಚೇರಿಯಲ್ಲಿ ಏಳೆಂಟು ಮಗ್ಗದ ಮಾಲಕರಿದ್ದರು. ಶಿವಯೋಗೆಪ್ಪನ ಮುಖ ನಿಜವಾಗಿಯೂ ಬಾಡಿತ್ತು. "ಭಾಳ ಕೆಟ್ಟ ಅನಸೈತಿ ತಂಗಿ," ಅಂದ. "ಊರ ಮಂದಿ ಕುದಿಯಾಕತ್ತಾರ. ಈಗ ನಾವು ನೀವು ಕೂಡಿ ಅವರನ್ನ ಸಮಾಧಾನ ಮಾಡಬೇಕು."

"ಮದಲ ಅವರನ್ನ ಹೊರಗ ಬಿಡ್ರಿ ಸಾವಕಾರ್ರ. ಇಲ್ಲಂದ್ರ ನಾ ಠಾಣೇಕ ಹೋಗ್ತೀನಿ."

"ಹೋಗು ಹೋಗು," ಅಂದ ಕಲ್ಮೇಶ. "ಬೈಲಕಮ್ಮಾರರ ಮಾತು ಯಾರು ಬರಕೋತಾರ ನೋಡೂಣು."

ಶಿವಯೋಗೆಪ್ಪ ಅಳಿಯನನ್ನು ಗದರಿದ. ಆಮೇಲೆ ಒಂದು ಕಾಗದ ತೆಗೆದು ಅವಳಿಗೆ ಓದಿ ಹೇಳಿದ. ಬೈಲಕಮ್ಮಾರ ಸಮಾಜದವರು ಸ್ವಂತ ಖುಷಿಯಿಂದ ಆ ಜಾಗ ಬಿಟ್ಟು ಚಿಮ್ಮಡದ ಆಚೆ ಗರಸು ಅಗೆದು ಬಿಟ್ಟ ಹಳೆಯ ಕಣಿಯ ಹತ್ತಿರ ಹೋಗುತ್ತಾರೆ, ಊರಿನವರೊಂದಿಗೆ ಅವರ ತಕರಾರು ಏನೂ ಇಲ್ಲ, ಹೀಗೆಂದು ಉಪಾಧ್ಯಕ್ಷೆಯ ಸಹಿ. ಅಷ್ಟೇ ಅಂದ.

ಶೇವಂತಾ ಬಹಳ ಹೊತ್ತು ಆ ಕಾಗದವನ್ನೇ ನೋಡಿದಳು. "ಸಹಕಾರ ಎರಡೂ ಕಡಿಂದ ಅಂತ ನೀವ ಹೇಳಿದ್ರಿ. ನಾವು ಜಾಗಾ ಬಿಡತೀವಿ. ನೀವೇನ ಬಿಡತೀರಿ?"

"ನಿಮ್ಮ ಮೂರು ಮಂದೀನ ಬಿಡತೀವಿ," ಅಂದ ಶಿವಯೋಗೆಪ್ಪ. ದನಿ ಏರಿಸದೆ, ತಂಗಿಗೆ ಹೇಳುವ ಹಾಗೆಯೇ ಅಂದ.

"ನನ್ನ ಮಗಳಿಗೆ ಒಮ್ಮೆ ತೋರಿಸಿಕೊಂಡು ಬರತೀನ್ರಿ. ಸಾಲ್ಯಾಗ ಅದಾಳ."

"ತೋರಿಸಿಕೊಂಡು ಬಾ," ಅಂದ ಕಲ್ಮೇಶ. "ಅಷ್ಟರಾಗ ಗೋದಾಮಿನ್ಯಾಗ ಏನ ಆಕ್ಕೈತೋ ಅದು ನಮ್ಮ ಕೈಯಾಗಿಲ್ಲ."

ಅವಳು ಸಹಿ ಹಾಕಿದಳು. ಶಿವಯೋಗೆಪ್ಪ ಕಾಗದ ಎತ್ತಿ ನೋಡಿ, "ಅಕ್ಷರ ಛಲೋ ಅದಾವಲ್ಲಾ," ಎಂದು ಮೆಚ್ಚಿದ.

ಮರುದಿನ ಬೆಳಗಾಗುತ್ತಲೇ ಅವನದೇ ಜೆಸಿಬಿ ಬಂತು. ಹೆಂಗಸರು ಪಾತ್ರೆ, ಕೌದಿ, ಕೂಸುಗಳನ್ನು ಹೊರಗಿಡುವಷ್ಟು ಹೊತ್ತು ಕೊಟ್ಟರು. ಕುಲುಮೆಗಳನ್ನು ತೆಗೆಯುವಷ್ಟು ಹೊತ್ತು ಕೊಡಲಿಲ್ಲ. ಕಣಿಯ ಹತ್ತಿರ ನೀರಿಲ್ಲ, ನೆರಳಿಲ್ಲ, ಕೊಯ್ತಾ ಕೇಳುವ ಗಿರಾಕಿ ಹಾಯುವ ದಾರಿಯೂ ಅಲ್ಲ. ಅಲ್ಲಿ ಗಿಡ್ಡ ಜಾಲಿಗಳ ನಡುವೆ ಸಾಮಾನು ಇಳಿಸುತ್ತಿದ್ದಾಗ ಮೂವರನ್ನೂ ಟಂಟಂ ಆಟೋದಲ್ಲಿ ತಂದು ಬಿಟ್ಟು ಹೋದರು. ಜ್ಞಾನೇಶ್ವರ ಬಲಗೈಯನ್ನು ಎಡಗೈಯಲ್ಲಿ ಹೊತ್ತುಕೊಂಡು ಇಳಿದ. ಬಾಗಿಲ ಸಂದಿಯಲ್ಲಿ ಒಂದೊಂದೇ ಬೆರಳು ಇಡಿಸಿ ಗೋದಾಮಿನ ಕಬ್ಬಿಣದ ಕದ ಹಾಕಿದ್ದರು. ನಾಲ್ಕು ಬೆರಳು ಮುರಿದಿದ್ದವು. ಆ ಕೈ ಮತ್ತೆ ಇಕ್ಕಳ ಹಿಡಿಯುವಂತಿರಲಿಲ್ಲ.

ಶೇವಂತಾ ನೀರು ತಂದು ಕೊಟ್ಟಳು. ಅವನು ಕುಡಿಯಲಿಲ್ಲ.

ಹತ್ತು ದಿನಕ್ಕೆ ಮುಧೋಳ, ಜಮಖಂಡಿ ಕಡೆಯಿಂದ ಅವರ ಪಂಚರು ಬಂದು ಕಣಿಯ ಅಂಚಿನಲ್ಲಿ ಕುಳಿತರು. ಜ್ಞಾನೇಶ್ವರ ಎದ್ದು ನಿಂತು ಹೇಳಿದ. "ಮೂರು ದಿವಸ ನನ್ನ ಕೇಳಿದ್ರು. ಕದ್ದಿಲ್ಲ ಅಂದೆ. ಒಂದೊಂದು ಬೆರಳಿಗೂ ಕೇಳಿದ್ರು. ಕದ್ದಿಲ್ಲ ಅಂದೆ. ಕಡೀಕ ಕಲ್ಮೇಶ ಬಂದು ಈಕಿ ಸಹಿ ತೋರಿಸಿ ನಕ್ಕ. ನಿಮ್ಮಾಕಿ ಒಪ್ಪಿಕೊಂಡಾಳ, ನೀವ ಕಳ್ಳರು ಅಂತ ಬರದು ಕೊಟ್ಟಾಳ ಅಂದ." ಅವನು ಶೇವಂತಾಳ ಕಡೆ ತಿರುಗಿದ. "ನಾ ಮೂರು ದಿವಸ ತಡಕೊಂಡಿದ್ದೆ. ನೀ ಮೂರು ತಾಸೂ ತಡೀಲಿಲ್ಲ."

"ಇಲ್ಲ ಬಾವಾ, ಅಂಥಾ ಮಾತು ಅದರಾಗಿಲ್ಲ. ಜಾಗಾ ಬಿಡೂ ಮಾತು ಅಷ್ಟ ಇತ್ತು. ನನ್ನ ಮುಂದ ಓದಿದ್ರು."

ಹಿರಿಯ ಪಂಚ ಕೇಳಿದ. "ಆಣಿ ಮಾಡ್ತಿಯೇನು?"

ಅವರಲ್ಲಿ ಆಣೆ ಎಂದರೆ ಹುಡುಗಾಟವಲ್ಲ. ಮಕ್ಕಳ ಮೇಲೆ ಇಟ್ಟ ಆಣೆ ಸುಳ್ಳಾದರೆ ಮಕ್ಕಳೇ ತೀರಿಸಬೇಕು ಎಂದು ನಂಬಿದವರು. ಶೇವಂತಾ ಒಂದು ಗಳಿಗೆಯೂ ಯೋಚಿಸದೆ ವೈಶಾಲಿಯನ್ನು ಎಳೆದು ನಿಲ್ಲಿಸಿ, ನೆತ್ತಿಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಪಂಚರು ಪಿಸುಮಾತಿನಲ್ಲಿ ಮಾತಾಡಿಕೊಂಡರು. ಆ ಕಾಗದ ತಂದು ತೋರಿಸು, ಅಲ್ಲಿಯವರೆಗೆ ನಿನ್ನ ಒಲೆಯ ಬೆಂಕಿ, ನಿನ್ನ ಕೊಡದ ನೀರು ಯಾರೂ ಮುಟ್ಟುವುದಿಲ್ಲ ಎಂದರು.

ಆ ತಿಂಗಳಲ್ಲೇ ಕಳ್ಳ ಸಿಕ್ಕ. ಕಲ್ಮೇಶನ ಶೆಡ್ಡಿನ ಮೋಟರು ರಿಪೇರಿ ಮಾಡುವವನೇ ತಂತಿ ಬಿಚ್ಚಿ ಮುಧೋಳದ ಗುಜರಿ ಅಂಗಡಿಗೆ ಹಾಕಿದ್ದ. ಕಲ್ಮೇಶ ಅವನ ಕೆನ್ನೆಗೆ ಎರಡು ಬಿಟ್ಟು ಮತ್ತೆ ಕೆಲಸಕ್ಕೆ ಇಟ್ಟುಕೊಂಡ. ಅವನಿಲ್ಲದೆ ಮಗ್ಗ ನಡೆಯುವುದಿಲ್ಲ. ಗರಸು ಕಣಿಗೆ ಯಾರೂ ಬಂದು ಹೇಳಲಿಲ್ಲ. ಶೇವಂತಾಗೆ ಅದು ಗೊತ್ತಾದದ್ದು ಬನಹಟ್ಟಿಯ ಸಂತೆಯಲ್ಲಿ, ಮೆಣಸಿನಕಾಯಿ ಮಾರುವವಳ ಬಾಯಿಂದ.

ಅವಳು ಸಂತೆಯಿಂದ ನೇರವಾಗಿ ಶಿವಯೋಗೆಪ್ಪನ ಮನೆಗೆ ಹೋದಳು. "ಕಳ್ಳ ಸಿಕ್ಕಾನಂತ. ನಮ್ಮ ಜಾಗಾ ನಮಗ ಕೊಡ್ರಿ."

"ಆದದ್ದು ಆತು ತಂಗಿ. ನೀವ ಸ್ವಂತ ಖುಷಿಲೆ ಹೋಗೀರಿ ಅಂತ ಕಾಗದ ಐತಲ್ಲಾ. ಈಗ ಅದನ್ನ ಎತ್ತಿದ್ರ ಮತ್ತ ಎರಡೂ ಮಂದಿ ನಡುವ ಜಗಳ."

"ಹಂಗಾರ ಆ ಕಾಗದನ ಕೊಡ್ರಿ. ನಮ್ಮ ಪಂಚರಿಗೆ ತೋರಿಸಬೇಕು. ಅದೊಂದ ಕೊಡ್ರಿ, ಜಾಗಾ ಕೇಳೂದಿಲ್ಲ."

ಶಿವಯೋಗೆಪ್ಪ ಯೋಚಿಸಿದ. ಪಕ್ಷ ಈಗ ಬೆಳೆದಿತ್ತು. ಬರುವ ವಿಧಾನಸಭೆ ಚುನಾವಣೆಗೆ ಅವನು ಜಮಖಂಡಿಯಲ್ಲಿ ದೊಡ್ಡ ಸಭೆ ಇಟ್ಟುಕೊಂಡಿದ್ದ. "ಸಭಾಕ್ಕ ಬಾ. ವೇದಿಕಿ ಮ್ಯಾಲ ನನ್ನ ಬಾಜೂಕ ಕೂಡು. ಅಲ್ಲೇ ಕೊಡತೀನಿ," ಅಂದ.

ಅವಳು ಹೋದಳು. ಶಿವಗಂಗವ್ವ ಹಸಿರು ಸೀರೆ ಉಡಿಸಿದಳು, ಹೂ ಮುಡಿಸಿದಳು. ವೇದಿಕೆಯ ಮೇಲೆ ಶಿವಯೋಗೆಪ್ಪ ಅವಳ ಕೈ ಹಿಡಿದೆತ್ತಿ, "ಈ ತಾಯಿಯ ಮಂದಿ ಊರಿನ ಶಾಂತಿಗಾಗಿ ತಾವಾಗಿಯೇ ಜಾಗ ಬಿಟ್ಟುಕೊಟ್ಟರು. ಇಂಥ ಸಹಕಾರ ನೀವು ಎಲ್ಲಿ ಕಂಡಿದ್ದೀರಿ?" ಎಂದು ಕೂಗಿದ. ಜನ ಚಪ್ಪಾಳೆ ಹೊಡೆದರು. ಭಾಷಣ ಮುಗಿದ ಮೇಲೆ ಕಲ್ಮೇಶ ಎರಡು ಕಟ್ಟು ಕರಪತ್ರ ತಂದು ಅವಳ ಕೈಗಿಟ್ಟ. ಅದರಲ್ಲಿ ಅವಳ ಫೋಟೋ ಇತ್ತು. ಉಪಾಧ್ಯಕ್ಷರೇ ಹಂಚಿದರೆ ಕಳೆ ಬರುತ್ತದೆ ಅಂದ. ಶೇವಂತಾ ಸಾಲುಗಳ ನಡುವೆ ನಡೆದು ಒಬ್ಬೊಬ್ಬರ ಕೈಗೂ ಕೊಟ್ಟಳು. ಕೆಲವರು ಓದಿ ಅವಳ ಮುಖ ನೋಡಿದರು. ಒಬ್ಬ ಮುದುಕಿ ಓದಿಸಿಕೊಂಡು, ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಹಾಗೇಕೆ ಮಾಡಿದಳೆಂದು ಶೇವಂತಾಗೆ ತಿಳಿಯಲಿಲ್ಲ.

ಕಾರು ಹತ್ತುತ್ತಿದ್ದ ಶಿವಯೋಗೆಪ್ಪನನ್ನು ಅವಳು ತಡೆದಳು. "ಸಾವಕಾರ್ರ, ಕಾಗದ."

"ನಿನ್ನ ಕೈಯಾಗ ಐತಲ್ಲಾ," ಅಂದ ಅವನು, ಉಳಿದಿದ್ದ ಕರಪತ್ರಗಳನ್ನು ತೋರಿಸಿ. "ಅದನ್ನ ಅಚ್ಚ ಹಾಕಿಸೇವಿ. ಒಂದಕ್ಷರ ಬಿಟ್ಟಿಲ್ಲ."

ಅವಳಿಗೆ ಸಂತೋಷವಾಯಿತು. ಅದನ್ನು ಅವಳು ನನಗೆ ಮುಚ್ಚಿಡದೆ ಹೇಳಿದಳು. ಬಸ್ಸಿನಲ್ಲಿ ಬರುವಾಗ ಒಂದು ಕರಪತ್ರವನ್ನು ಸುಕ್ಕಾಗದ ಹಾಗೆ ಸೆರಗಿನೊಳಗೆ ಇಟ್ಟುಕೊಂಡು ಬಂದಳಂತೆ.

ಗುಡಿಸಲಿನ ಮುಂದೆ ವೈಶಾಲಿ ಓದಲು ಕುಳಿತಳು. ಗಂಗಾರಾಮ ಪಕ್ಕದಲ್ಲಿದ್ದ. "ಬೈಲಕಮ್ಮಾರ ಸಮಾಜದ ಪರವಾಗಿ ನಾನು, ಕೂಡುಬಾಳ್ವೆ ಪಕ್ಷದ ಉಪಾಧ್ಯಕ್ಷೆ ಶೇವಂತಾ..." ಎಂದು ಓದಿ ಹುಡುಗಿ ನಿಂತಳು.

"ಓದು."

"ಮುಂದ ಜಾಗಾದ್ದ ಐತಿ ಯವ್ವಾ."

"ಬಿಡಬ್ಯಾಡ. ಓದು."

"ನಮ್ಮ ಜನಾಂಗದವರು ಮಾಡಿದ ಕಳ್ಳತನಕ್ಕೆ ತಲೆತಗ್ಗಿಸಿ ಊರಿನ ಸಮಸ್ತರ ಕ್ಷಮೆ ಕೇಳುತ್ತಾ, ಸ್ವಂತ ಖುಷಿಯಿಂದ..." ವೈಶಾಲಿ ಕರಪತ್ರ ಕೆಳಗಿಳಿಸಿ ಕೇಳಿದಳು, "ಎಷ್ಟು ಹಂಚಿದಿ?"

"ಎರಡು ಕಟ್ಟು," ಅಂದಳು ಶೇವಂತಾ.

ಗಂಗಾರಾಮ ಕರಪತ್ರ ಕಿತ್ತುಕೊಂಡ. "ಒಲಿಗೆ ಹಾಕು. ನಮ್ಮ ಮಂದ್ಯಾಗ ಯಾರಿಗೆ ಓದಾಕ ಬರತೈತಿ? ಕೊಡಲಿಲ್ಲ ಅನ್ನು. ಸಾವಕಾರ ಮೋಸ ಮಾಡಿದ ಅನ್ನು. ಮುಗೀತು."

"ಆಣಿ ಹುಡುಗಿ ಮ್ಯಾಲ ಐತಿ. ನಾ ಸುಳ್ಳು ಆಣಿ ಮಾಡೀನಿ. ಮುಚ್ಚಿಟ್ರ ಅದು ಈಕಿಗೆ ಹತ್ತತೈತಿ."

"ಬಿಚ್ಚಿ ಹೇಳಿದ್ರ ನಮ್ಮ ಮಂದಿ ಈಕೀನ ಬಿಡತಾರೇನ?"

ಶೇವಂತಾ ಅವನ ಕೈಯಿಂದ ಕರಪತ್ರವನ್ನು ಮರಳಿ ತೆಗೆದುಕೊಂಡಳು. ಮರುದಿನ ಮಗಳನ್ನು ಕರೆದುಕೊಂಡು ಜ್ಞಾನೇಶ್ವರನ ಗುಡಿಸಲಿಗೆ ಹೋದಳು. ಎಲ್ಲರನ್ನೂ ಕೂಡಿಸಿ, ಒಂದಕ್ಷರ ಬಿಡದೆ ಓದಿಸಿದಳು. ಮೋಟರು ರಿಪೇರಿಯವನ ಸುದ್ದಿಯನ್ನೂ ಹೇಳಿದಳು. ಯಾರೂ ಬೈಯಲಿಲ್ಲ. ಒಬ್ಬ ಮುದುಕಿ ಎದ್ದು ವೈಶಾಲಿಯಿಂದ ದೂರ ಸರಿದು ಕುಳಿತಳು. ಅವಳನ್ನು ನೋಡಿ ಅವಳ ಸೊಸೆಯೂ ಸರಿದಳು.

ಜ್ಞಾನೇಶ್ವರ ಹೇಳಿದ್ದು ಇಷ್ಟೇ. "ನೀ ಖರೆ ಹೇಳಿದಿ. ಛಲೋ ಆತು. ಈಗ ಈ ಹುಡುಗೀನ ನಮ್ಮ ಯಾವ ಮನ್ಯಾಗೂ ತಗೊಳ್ಳೂದಿಲ್ಲ. ಹೋಗ್ರಿ."

ಗಂಗಾರಾಮ ಎರಡು ದಿನ ಅವಳ ಜೊತೆ ಇದ್ದ. ಪಂಚರು ಗುಡಿಸಲುಗಳನ್ನು ಮುಧೋಳದ ಕಡೆ ಒಯ್ಯಲು ನಿರ್ಧರಿಸಿದಾಗ, ಮೂರನೆಯ ದಿನ, ಉಳಿದಿದ್ದ ಅಡಿಗಲ್ಲು, ಇಕ್ಕಳ, ಸಮ್ಮಟಿಗೆ ಎಲ್ಲ ಟೆಂಪೋಗೆ ಏರಿಸಿದ. "ಅಣ್ಣನ ಕೈ ನೋಡಿದಿಯಲ್ಲಾ," ಅಂದ. "ಅವನ ಮಕ್ಕಳಿಗೆ ಕೂಳು ಹಾಕಾವ್ರು ಯಾರು? ನಾನ ಹೋಗಬೇಕು." ಮಗಳ ತಲೆ ಮುಟ್ಟಲು ಕೈ ಎತ್ತಿದವನು ಸುತ್ತಲಿನವರನ್ನು ನೋಡಿ ಕೈ ಇಳಿಸಿಕೊಂಡ. ಅದನ್ನು ಹೇಳುವಾಗ ಶೇವಂತಾ ನನ್ನ ಕಡೆ ನೋಡಲಿಲ್ಲ.

ಈಗ ತಾಯಿ ಮಗಳು ಮಹಾಲಿಂಗಪುರದ ಹೊರಗೆ ಒಂದು ಬೆಲ್ಲದ ಗಾಣದಲ್ಲಿದ್ದಾರೆ. ಶೇವಂತಾ ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆ ನೂಕುತ್ತಾಳೆ. ವೈಶಾಲಿ ಸಾಲೆ ಬಿಟ್ಟು ಬಸ್ ನಿಲ್ದಾಣದ ಹತ್ತಿರದ ಬಟ್ಟೆ ಅಂಗಡಿಗೆ ಹೋಗುತ್ತಾಳೆ. ಸಣ್ಣ ನೆಗಡಿ ಬಂದರೂ ತಾಯಿ ಅವಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಾಳಂತೆ. ಗಂಗಾರಾಮನಿಂದ ಸುದ್ದಿಯಿಲ್ಲ.

ಮೊನ್ನೆ ಅಂಗಡಿಗೆ ಬಂದ ಪೇಪರಿನಲ್ಲಿ ವೈಶಾಲಿ ಒಂದು ಸುದ್ದಿ ಕಂಡು ತಾಯಿಗೆ ಓದಿ ಹೇಳಿದಳು. ಕೂಡುಬಾಳ್ವೆ ಪಕ್ಷಕ್ಕೆ ಹೊಸ ಉಪಾಧ್ಯಕ್ಷೆ. ಬೀಳಗಿ ಕಡೆಯ ಒಂದು ಲಂಬಾಣಿ ತಾಂಡಾದ ಸೋಮಲಿಬಾಯಿ. ಶೇವಂತಾ ಭಾನುವಾರ ಗಾಣಕ್ಕೆ ರಜೆ ಹೇಳಿ ಬೀಳಗಿ ಬಸ್ಸು ಹತ್ತಿದಳು. ತಾಂಡಾ ಹುಡುಕಿಕೊಂಡು ಬಿಸಿಲಿನಲ್ಲಿ ನಡೆದು ಮನೆ ಮುಟ್ಟಿದಳು. ಸೋಮಲಿಬಾಯಿ ಒಳ್ಳೆಯ ಹೆಂಗಸು. ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದಳು, ಚಹಾ ಕೊಟ್ಟಳು. ಮೂರು ಅಕ್ಷರದ ಸಹಿಯಿಂದ ಟೆಂಪೋದವರೆಗೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಗೋಡೆಯ ಮೊಳೆಯಲ್ಲಿ ಪಕ್ಷದ ಶಾಲು ನೇತಾಡುತ್ತಿತ್ತು.

ಎಲ್ಲ ಮುಗಿದ ಮೇಲೆ ಅವಳು ಅನುಕಂಪದಿಂದಲೇ ಅಂದಳು.

"ನಮ್ಮ ತಾಂಡಾಕ್ಕ ರೋಡ್ ಮಾಡಸ್ತೀನಿ ಅಂದಾರ. ನೀವ ಹೇಳಿದ್ದು ಖರೆ ಇರಬೇಕ್ರಿ ಅಕ್ಕಾರ. ಆದರ ಅಷ್ಟ ದೊಡ್ಡ ಮಂದಿ ನಿಮ್ಮನ್ನ ಹಂಗ ಹೊರಗ ಹಾಕ್ಯಾರಂದ್ರ, ನಿಮ್ಮ ಮಂದೀದೂ ಏನರ ತಪ್ಪ ಇರಬೇಕಲ್ರಿ."

ಶೇವಂತಾ ಲೋಟ ಕೆಳಗಿಟ್ಟು ಎದ್ದಳು. ಸೋಮಲಿಬಾಯಿ ಅವಳನ್ನು ಬಸ್ಸಿನ ದಾರಿಯವರೆಗೆ ಕಳಿಸಲು ಬಂದಳು, ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದುಕೊಳ್ಳಿ ಅಂದಳು.